ಮನೆ ಸಿಕ್ಕರೂ ಲೀಸ್ ಮುಂದುವರಿಯಲ್ಲ, ಯಾಕೆ?

ಬೆಂಗಳೂರಲ್ಲಿ ದಲಿತರಿಗೆ ಮನೆ ಸಿಗಲ್ಲ ಅಂತ ತುಂಬಾ ಸಲ ಬರೆದಿದ್ದೀವಿ, ಮಾತಾಡಿದ್ದೀವಿ. ಸಿಕ್ಕ ಮನೇಲಿ ಉಳಿಯೋಕೆ ಬಿಡಲ್ಲ ಅನ್ನೋದರ ಬಗ್ಗೆ ಅಷ್ಟಾಗಿ ಮಾತಾಡಿಲ್ಲ. ಇವತ್ತು ಅದನ್ನೇ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಲೀಸ್ ಅಂದ್ರೆ ಗೊತ್ತಲ್ಲ. ಊರ ಕಡೆ ಭೋಗ್ಯ ಅಂತೀವಿ. ತಿಂಗಳ ಬಾಡಿಗೆ ಇಲ್ಲ. ಎಂಟೋ ಹತ್ತೋ ಲಕ್ಷ ಒಟ್ಟಿಗೆ ಓನರ್ ಕೈಗೆ ಕೊಡಬೇಕು, ಎರಡು ಮೂರು ವರ್ಷ ಇರಬೇಕು, ಖಾಲಿ ಮಾಡುವಾಗ ಅಷ್ಟೂ ದುಡ್ಡು ವಾಪಸ್. ತಿಂಗಳ ಬಾಡಿಗೆ ತಪ್ಪುತ್ತಲ್ಲ ಅಂತ ನಮ್ಮವರು ಒಡವೆ ಅಡ ಇಟ್ಟು, ಸಂಘದಲ್ಲಿ ಸಾಲ ಮಾಡಿ, ಪಿಎಫ್ ತೆಗೆದು ಈ ದುಡ್ಡು ಹೊಂದಿಸ್ತಾರೆ. ಮೊದಲ ತಲೆಮಾರಿನಲ್ಲಿ ಸಂಬಳ ಕಂಡ ಕುಟುಂಬಗಳಿಗೆ ಇಡೀ ಉಳಿತಾಯ ಅಂದ್ರೆ ಅದೊಂದೇ.

ಮನೆ ಹಿಡಿಯುವಾಗ ನಡುವೆ ಬ್ರೋಕರ್ ಇರ್ತಾನೆ. ಅವನಿಗೆ ಕಮಿಷನ್ ಬೇಕು, ಓನರ್‌ಗೆ ತುರ್ತಾಗಿ ದುಡ್ಡು ಬೇಕು. ಜಾತಿ ಪ್ರಶ್ನೆ ಹೇಗೋ ಹಿಂದೆ ಸರಿಯುತ್ತೆ. ಆದ್ರೆ ಮೂರು ವರ್ಷ ಒಂದೇ ಕಾಂಪೌಂಡಲ್ಲಿ ಬದುಕಿದ ಮೇಲೆ ಏನು ಮುಚ್ಚಿಡೋಕಾಗುತ್ತೆ? ಯಾಕಾದ್ರೂ ಮುಚ್ಚಿಡಬೇಕು? ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಇರುತ್ತೆ, ಏಪ್ರಿಲ್ 14ಕ್ಕೆ ಸ್ಟೇಟಸ್ ಹಾಕಿರ್ತೀವಿ, ಊರಿಂದ ನೆಂಟರು ಬರ್ತಾರೆ, ಭಾನುವಾರ ಬಾಡೂಟ ಮಾಡ್ತೀವಿ. ಹಾಗಾಗಿ ರಿನ್ಯೂವಲ್ ಅನ್ನೋದು ನಮಗೆ ಎರಡನೇ ಇಂಟರ್‌ವ್ಯೂ ಇದ್ದಂಗೆ. ಈ ಸಲ ಓನರ್ ಪ್ರಶ್ನೆ ಕೇಳೋದೇ ಇಲ್ಲ, ಉತ್ತರ ಆಗಲೇ ಗೊತ್ತಿರುತ್ತೆ.

ನಮ್ಮ ಮನೆಗೂ ಹೀಗೆ ಆಗಿದೆ. "ನಿಮ್ಮಂಥ ಬಾಡಿಗೆದಾರರು ಸಿಗಲ್ಲ ಸಾರ್, ಎಷ್ಟು ವರ್ಷ ಬೇಕಾದ್ರೂ ಇರಿ" ಅಂದಿದ್ದ ಓನರ್, ಅವಧಿ ಮುಗಿಯೋಕೆ ಎರಡು ತಿಂಗಳು ಇರುವಾಗ "ಮಗ ವಾಪಸ್ ಬರ್ತಾನೆ, ಮನೆ ಬೇಕಾಗಿದೆ" ಅಂದ್ರು. ಖಾಲಿ ಮಾಡಿದ್ವಿ. ಪೇಂಟಿಂಗ್‌ಗೆ ಅಂತ ದುಡ್ಡು ಮುರ್ಕೊಂಡ್ರು. ಮುಂದಿನ ವಾರ ಅದೇ ಗೇಟಿಗೆ ಟು-ಲೆಟ್ ಬೋರ್ಡ್ ನೇತಾಡ್ತಿತ್ತು. ಅದರಲ್ಲಿ ಹೊಸದಾಗಿ ಒಂದು ಸಾಲು ಸೇರಿತ್ತು: ಸಸ್ಯಾಹಾರಿಗಳಿಗೆ ಮಾತ್ರ. ಜಾತಿ ಹೆಸರನ್ನ ಅವರು ಒಂದು ಸಲಾನೂ ಎತ್ತಲಿಲ್ಲ. ಸಮಸ್ಯೆ ಇರೋದೇ ಇಲ್ಲಿ.

ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾತಿ ನಿಂದನೆ ಅಪರಾಧ ಆಗಬೇಕಾದ್ರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗದಲ್ಲಿ ನಡೆದಿರಬೇಕು. ಯಾರೂ ನೋಡದ ನಾಲ್ಕು ಗೋಡೆಯೊಳಗೆ ಆಡಿದ ಮಾತಿಗೆ ಈ ಕಲಂ ಅನ್ವಯಿಸಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನು ಬೈಗುಳವೇ ಇಲ್ಲದೆ, ಕಾಫಿ ಕೊಟ್ಟು, ನಗುನಗ್ತಾ "ರಿನ್ಯೂ ಮಾಡಲ್ಲ" ಅಂದ್ರೆ ಯಾವ ಠಾಣೆಗೆ ಹೋಗೋದು?

1917ರಲ್ಲಿ ಬರೋಡಾದಲ್ಲಿ ಬಾಬಾಸಾಹೇಬರಿಗೂ ಒಳಗೆ ಹೋಗೋಕೆ ದಾರಿ ಸಿಕ್ಕಿತ್ತು. ಪಾರ್ಸಿ ಹೆಸರಲ್ಲಿ ಪಾರ್ಸಿ ಛತ್ರದಲ್ಲಿ ಉಳ್ಕೊಂಡಿದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಸಂಜೆಯೊಳಗೆ ಖಾಲಿ ಮಾಡು ಅಂದ್ರು. ಅಮೆರಿಕದಲ್ಲಿ ಓದಿ ಬಂದು, ಸಂಸ್ಥಾನದಲ್ಲಿ ಕೆಲಸ ಇದ್ದ ಮನುಷ್ಯನಿಗೆ ಆ ಊರಲ್ಲಿ ತಲೆ ಮೇಲೆ ಸೂರು ಇರಲಿಲ್ಲ. ಇವತ್ತು ದೊಣ್ಣೆ ಇಲ್ಲ, ಅಗ್ರಿಮೆಂಟ್ ಇದೆ. ಅಷ್ಟೇ ವ್ಯತ್ಯಾಸ.

ಆ ಅಗ್ರಿಮೆಂಟ್ ಹೇಗಿರುತ್ತೆ ನೋಡಿ. ಮೂರು ವರ್ಷ ಇರೋ ಮನೆಗೆ 11 ತಿಂಗಳ ಕಾಗದ. ಯಾಕಂದ್ರೆ ಒಂದು ವರ್ಷ ಮೀರಿದ ಲೀಸನ್ನ ಸಬ್ ರಿಜಿಸ್ಟ್ರಾರ್ ಕಚೇರೀಲಿ ನೋಂದಾಯಿಸಲೇಬೇಕು. ಓನರ್‌ಗೆ ಅದು ಬೇಡ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಭೋಗ್ಯದ ಅಡಮಾನ ಅಂತ ಒಂದಿದೆ. ದುಡ್ಡು ವಾಪಸ್ ಬರೋವರೆಗೂ ಮನೆ ಸ್ವಾಧೀನ ಇಟ್ಟುಕೊಳ್ಳೋ ಹಕ್ಕು ಅದರಲ್ಲಿ ಸಿಗುತ್ತೆ. ಆದ್ರೆ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಅಂಥ ಅಡಮಾನಕ್ಕೆ ನೋಂದಣಿ ಬೇಕು, ಇಬ್ಬರು ಸಾಕ್ಷಿ ಸಹಿ ಬೇಕು. ನೂರು ರೂಪಾಯಿಗೇ ಇಷ್ಟು ಕೇಳೋ ಕಾನೂನಿನ ಮುಂದೆ ಹತ್ತು ಲಕ್ಷ ಕೊಟ್ಟ ನಾವು ನೋಂದಣಿ ಇಲ್ಲದ ಸ್ಟ್ಯಾಂಪ್ ಪೇಪರ್ ಹಿಡ್ಕೊಂಡು ನಿಂತಿರ್ತೀವಿ.

"ಮನೆ ಅವರದು, ಯಾರಿಗೆ ಬೇಕೋ ಕೊಡ್ತಾರೆ" ಅನ್ನೋರಿಗೆ ಒಂದು ಲೆಕ್ಕ. ಹತ್ತು ಲಕ್ಷಕ್ಕೆ ವರ್ಷಕ್ಕೆ ಎಂಟು ಪರ್ಸೆಂಟ್ ಹಿಡಿದ್ರೂ 80 ಸಾವಿರ, ಮೂರು ವರ್ಷಕ್ಕೆ 2 ಲಕ್ಷ 40 ಸಾವಿರ ಬಡ್ಡಿ. ಅದನ್ನ ನಾವು ಬಿಟ್ಟುಕೊಟ್ಟು ಮನೇಲಿ ಇರ್ತೀವಿ. ಯಾರೂ ಪುಕ್ಕಟೆ ಇಟ್ಟುಕೊಂಡಿಲ್ಲ. ನಮ್ಮ ದುಡ್ಡಲ್ಲಿ ಮೇಲಿನ ಮಹಡಿ ಏಳುತ್ತೆ. ಆ ದುಡ್ಡಿಗೆ ಮೈಲಿಗೆ ಇಲ್ಲ. ಕೊಟ್ಟ ಕೈಗೆ ಮಾತ್ರ ಇದೆ.

ಕಾನೂನು ಪೂರ್ತಿ ಬರಿಗೈ ಅಂತ ನಾನು ಹೇಳಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ನಮ್ಮಲ್ಲಿ ಎಷ್ಟೋ ಜನ ಓದಿಲ್ಲ. ಅಸ್ಪೃಶ್ಯತೆ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟೋಕೆ, ಪಡೆಯೋಕೆ, ಅದರಲ್ಲಿ ಇರೋಕೆ ಅಡ್ಡಿ ಮಾಡೋದು ಅಪರಾಧ ಅಂತ ಅಲ್ಲಿದೆ. 12ನೇ ಕಲಂ ಇನ್ನೂ ಮುಖ್ಯ. ಈ ಕಾಯ್ದೆಯ ಅಪರಾಧ ಅನ್ನಿಸೋ ಕೃತ್ಯ ಪರಿಶಿಷ್ಟ ಜಾತಿಯವರ ವಿರುದ್ಧ ನಡೆದಿದ್ರೆ, ಬೇರೆ ಕಾರಣ ಇತ್ತು ಅಂತ ಸಾಬೀತಾಗೋವರೆಗೂ ಅದನ್ನ ಅಸ್ಪೃಶ್ಯತೆಯಿಂದಲೇ ಮಾಡಿದ್ದು ಅಂತ ಕೋರ್ಟ್ ಭಾವಿಸಬೇಕು. ಅಂದ್ರೆ ಓನರ್ ಮನಸ್ಸಲ್ಲಿ ಏನಿತ್ತು ಅಂತ ನಾವು ಸಾಬೀತು ಮಾಡಬೇಕಿಲ್ಲ. ಅಡ್ಡಿ ಮಾಡಿದ್ದಕ್ಕೆ ಪುರಾವೆ ಮಾತ್ರ ನಾವೇ ತರಬೇಕು.

ಅದಕ್ಕೇ ಈ ಕೆಲಸಗಳನ್ನ ಮಾಡಿ. ಲೀಸ್‌ಗೆ ಹೋಗೋ ಮೊದಲು ಮನೆಯ ಇಸಿ ತೆಗೆಸಿ, ಬ್ಯಾಂಕ್ ಸಾಲ ಇದೆಯಾ ನೋಡಿ. ದುಡ್ಡು ನಗದು ಕೊಡಬೇಡಿ, ಬ್ಯಾಂಕ್ ಮೂಲಕವೇ ಹಾಕಿ. ಖರ್ಚಾದ್ರೂ ಪತ್ರ ನೋಂದಾಯಿಸಿ. ಅವಧಿ ಮುಗಿದಾಗ ಮುಂದುವರಿಸೋ ಮೊದಲ ಅವಕಾಶ ನಮಗೇ, ಎಷ್ಟು ತಿಂಗಳ ನೋಟಿಸ್, ಎಷ್ಟು ಹೆಚ್ಚಳ, ಎಲ್ಲ ಬರೆಸಿ. ಬಾಯಿಮಾತು ಬೇಡ. ರಿನ್ಯೂವಲ್ ಮಾತುಕತೆ ವಾಟ್ಸಾಪಲ್ಲೇ ನಡೆಸಿ, ಅಳಿಸಬೇಡಿ. ನೀವು ಬಿಟ್ಟ ಮನೆಗೆ ಟು-ಲೆಟ್ ಬೋರ್ಡ್ ಬಿದ್ರೆ ತಾರೀಖು ಸಮೇತ ಫೋಟೋ ಇಟ್ಟುಕೊಳ್ಳಿ.

ಇದನ್ನ ಒಬ್ಬೊಬ್ಬರ ಜಾಣತನಕ್ಕೆ ಬಿಟ್ಟು ಸುಮ್ಮನಿರೋಕೂ ಆಗಲ್ಲ. 4ನೇ ಕಲಂನಲ್ಲಿ ಒಂದರಿಂದ ಆರು ತಿಂಗಳು ಜೈಲು, ದಂಡ 100ರಿಂದ 500 ರೂಪಾಯಿ. ಲಕ್ಷಗಳಲ್ಲಿ ವ್ಯವಹಾರ ಮಾಡೋರು ಇದಕ್ಕೆಲ್ಲಿ ಹೆದರ್ತಾರೆ? ಕಾಲೇಜುಗಳಲ್ಲಿ ಜಾತಿ ತಾರತಮ್ಯ ತಡೆಯೋಕೆ ರೋಹಿತ್ ವೇಮುಲ ಹೆಸರಿನ ಕಾಯ್ದೆ ಬೇಕು ಅಂತ ಹೋರಾಡ್ತಿದ್ದೀವಿ. ಆ ಕಾಲೇಜಿಗೆ ಹೋಗೋ ಮಕ್ಕಳು ಮಲಗೋ ಮನೆಗೂ ಒಂದು ಕಾಯ್ದೆ ಬೇಕು. ಲೀಸ್ ನಿರಾಕರಿಸಿದ್ರೆ ಲಿಖಿತ ಕಾರಣ ಕೊಡಬೇಕು, ಆ ಕಾರಣ ಸುಳ್ಳಾದ್ರೆ ಪರಿಹಾರ ಕೊಡಬೇಕು, ಲೀಸ್ ದುಡ್ಡು ಪೂರ್ತಿ ಕೈಗೆ ಬರೋವರೆಗೂ ಯಾರನ್ನೂ ಎಬ್ಬಿಸಬಾರದು. ಮುಂದಿನ ಹಕ್ಕೊತ್ತಾಯ ಪತ್ರದಲ್ಲಿ ಈ ಮೂರು ಸಾಲು ಸೇರಲೇಬೇಕು ಅಂತ ಎಲ್ಲ ಸಂಘಟನೆಗಳ ಗೆಳೆಯರನ್ನ ಕೇಳ್ಕೋತಿದ್ದೀನಿ.

ನಿಮಗೂ ಹೀಗಾಗಿದ್ರೆ ಬರೀರಿ. ಓನರ್ ಹೆಸರು ಬೇಡ. ಯಾವ ಏರಿಯಾ, ಎಷ್ಟು ವರ್ಷ ಇದ್ರಿ, ಏನು ಕಾರಣ ಕೊಟ್ಟರು, ಆಮೇಲೆ ಮನೆಗೆ ಯಾರು ಬಂದರು, ಇಷ್ಟು ಸಾಕು. "ಮಗ ವಾಪಸ್ ಬರ್ತಾನೆ" ಅನ್ನೋ ಮಾತು ಎಷ್ಟು ಮನೆಗಳಲ್ಲಿ ಕೇಳಿಬಂದಿದೆ ಅಂತ ಒಂದು ಸಲ ಎಣಿಸೋಣ.

ಜೈಭೀಮ್.