ದೂರದ ಗಣಕಕ್ಕೆ ಯಾವ ಕೀಲಿಕೈ?

ಸುರಪುರ ಸೀಮೆಗೆ ನೀರುಣಿಸುವ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯು 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಉದ್ಘಾಟನೆಗೊಂಡಿತು. ಕಾಲುವೆಯ ಗೇಟುಗಳನ್ನು ದೂರದಲ್ಲಿ ಕುಳಿತೇ ಏರಿಳಿಸುವುದು ಅದರ ಒಂದು ವಿಶೇಷ. ಹಾಗೆ ಮಾಡಬೇಕಾದರೆ, ಅಪ್ಪಣೆಯನ್ನು ಕೇಳಿ ನಡೆಸುವ ಕಿರುಯಂತ್ರವೊಂದು ಗೇಟಿನ ಬಳಿ ಸದಾ ಎಚ್ಚರವಾಗಿರಬೇಕಷ್ಟೆ. ಸರ್ವರುಗಳೆಂಬ ಗಣಕಗಳ ಸಂಗತಿಯೂ ಇಂಥದೇ. ಅವುಗಳೊಳಗೆ ಬಿಎಂಸಿ ಎಂಬ ಪುಟ್ಟ ಗಣಕವೊಂದಿರುತ್ತದೆ. ಮುಖ್ಯಯಂತ್ರವು ಸ್ತಬ್ಧವಾದರೂ, ಅದನ್ನು ಆರಿಸಿದ್ದರೂ, ವಿದ್ಯುತ್ತು ಬರುತ್ತಿರುವವರೆಗೆ ಇದು ನಿದ್ರಿಸುವುದಿಲ್ಲ. ಒಳಗಿನ ಉಷ್ಣತೆಯೆಷ್ಟು, ಫ್ಯಾನು ತಿರುಗುತ್ತಿದೆಯೆ ಎಂಬುದನ್ನು ತಿಳಿಸುತ್ತದೆ; ಹೇಳಿದರೆ ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡುತ್ತದೆ.

ಇದರೊಡನೆ ಮಾತನಾಡುವ ಭಾಷೆಯನ್ನು ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಕಂಪೆನಿಗಳು 1998ರಲ್ಲಿ ರೂಪಿಸಿದವು. ಅದರ ಹೆಸರು ಐಪಿಎಂಐ. ಭಾಷೆ ಒಂದೇ; ಆದರೆ ಅದನ್ನಾಡುವ ಮುಕ್ತ ತಂತ್ರಾಂಶಗಳು ನಾಲ್ಕು: ಐಪಿಎಂಐಟೂಲ್, ಫ್ರೀಐಪಿಎಂಐ, ಓಪನ್‌ಐಪಿಎಂಐ, ಐಪಿಎಂಐಯುಟಿಲ್. ಮಾಡುವ ಕೆಲಸವೂ ಬಹುಮಟ್ಟಿಗೆ ಒಂದೇ. ಹಾಗಾದರೆ ಇಷ್ಟೇಕೆ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ.

ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ‘ಥಂಡರ್’ ಎಂಬ ಮಹಾಗಣಕದಲ್ಲಿ 1024 ಸರ್ವರುಗಳಿದ್ದುವು. 2004ರ ಜೂನ್‌ನಲ್ಲಿ ಅದು ಜಗತ್ತಿನ ಎರಡನೆಯ ವೇಗದ ಗಣಕ. ಫ್ರೀಐಪಿಎಂಐ ಹುಟ್ಟಿದ್ದು ಅದನ್ನು ನೋಡಿಕೊಳ್ಳಲೆಂದೇ. ಆದ್ದರಿಂದ ನೂರಾರು ಯಂತ್ರಗಳಿಗೆ ಒಂದೇ ಮಾತಿನಲ್ಲಿ ಆಜ್ಞೆ ಕೊಡುವ ಅನುಕೂಲ ಅದರಲ್ಲಿದೆ. ಕಾಲೇಜಿನ ಮೂಲೆಯಲ್ಲಿರುವ ಎರಡು ಸರ್ವರುಗಳಿಗೆ ಆ ಸನ್ನಾಹವೇತಕ್ಕೆ? ಅಲ್ಲಿಗೆ ಐಪಿಎಂಐಟೂಲ್ ಧಾರಾಳವಾಗಿ ಸಾಕು. ಗುಣಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಅಂಕ ಹಾಕುವವರು ಹುಟ್ಟಿನ ಈ ಕಾರಣವನ್ನು ಮರೆಯುತ್ತಾರೆ.

ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ, ಸಾಧನವನ್ನು ಸಲಹುವವರು ಇದ್ದಾರೆಯೆ ಎಂಬುದು. ಬಹುಜನ ಬಳಸುವ ಐಪಿಎಂಐಟೂಲಿನ ಭಂಡಾರವೇ 2023ರಲ್ಲಿ ಗಿಟ್‌ಹಬ್ ತಾಣದಲ್ಲಿ ಹೊಸ ತಿದ್ದುಪಡಿಗಳಿಗೆ ಮುಚ್ಚಿಹೋಗಿ, ಕೆಲಸವು ಕೋಡ್‌ಬರ್ಗ್‌ಗೆ ಸ್ಥಳಾಂತರಗೊಂಡಿತು. ಎಕ್ಸ್‌ಕ್ಯಾಟ್ ಎಂಬ ಇನ್ನೊಂದು ಹಳೆಯ ನಿರ್ವಹಣಾ ಸಾಧನದಿಂದ ಐಬಿಎಂ ಹಿಂದೆ ಸರಿದುದೂ ಅದೇ ವರ್ಷ. ಬೇರೆ ಬಳಕೆದಾರರು ಮುಂದೆ ಬಂದು ಅದನ್ನು ಉಳಿಸಿದರು. ಒಂದೇ ಸಾಧನವಿದ್ದಿದ್ದರೆ ಇಂಥ ವರ್ಷದಲ್ಲಿ ಗತಿಯೇನು? ನಾಲ್ಕಿರುವುದನ್ನು ಪೋಲೆನ್ನಲು ನನಗೆ ಮನಸ್ಸು ಬಾರದು. ಭಾಷೆ ಒಂದೇ ಆಗಿರುವುದರಿಂದಲ್ಲವೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ಸಾಧ್ಯ?

ಆ ಭಾಷೆಗೂ ಈಗ ಮುಪ್ಪು ಬಂದಿದೆ. ಗುಪ್ತಪದವನ್ನು ಊಹಿಸಲು ನೆರವಾಗುವ ಸಂಕೇತವನ್ನು ಕೇಳಿದವರಿಗೆಲ್ಲ ಕೊಟ್ಟುಬಿಡುವ ದೋಷವು ಐಪಿಎಂಐ 2.0ರಲ್ಲಿದೆ, ಬಿಎಂಸಿಯನ್ನು ಸಾರ್ವಜನಿಕ ಜಾಲಕ್ಕೆ ಒಡ್ಡುವುದು ಮನೆಯ ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ. 2015ರಲ್ಲಿ ಬಂದ ರೆಡ್‌ಫಿಶ್ ಎಂಬ ಮಾನಕವು ಜಾಲಪುಟಗಳ ಸುರಕ್ಷಿತ ವಿಧಾನದಲ್ಲಿಯೇ ಮಾತನಾಡುತ್ತದೆ. ಹೊಸ ಸರ್ವರು ಕೊಳ್ಳುವ ಕಾಲೇಜು ಅದನ್ನು ಕೇಳಿ ಪಡೆಯಬೇಕು.

ಸರ್ವರೇ ಇಲ್ಲದವರು ನಿರಾಶರಾಗಬೇಕಿಲ್ಲ. ಓಪನ್‌ಐಪಿಎಂಐ ಜೊತೆಗೆ ಕೃತಕ ಬಿಎಂಸಿಯೊಂದು ಉಚಿತವಾಗಿ ದೊರೆಯುತ್ತದೆ. ಲಿನಕ್ಸ್ ಇರುವ ಸಾಮಾನ್ಯ ಗಣಕದಲ್ಲಿ ಅದನ್ನು ನಡೆಸಿ, ಐಪಿಎಂಐಟೂಲ್ ಮತ್ತು ಫ್ರೀಐಪಿಎಂಐಗಳೆರಡರಿಂದಲೂ ಅದೇ ಆಜ್ಞೆಯನ್ನು ಕೊಟ್ಟು ನೋಡಬಹುದು.