ನೇಪಾಳದ ಭೂಕಂಪವು ಕೊಟ್ಟ ಎಚ್ಚರಿಕೆ

೨೦೧೫ನೆಯ ಇಸವಿ ಏಪ್ರಿಲ್ ೨೫ರಂದು ನೇಪಾಳದಲ್ಲಿ ಸುಮಾರು ಒಂಬತ್ತು ಸಾವಿರ ಜನರನ್ನು ಬಲಿತೆಗೆದುಕೊಂಡ ೭.೮ ಪ್ರಮಾಣದ ಭೂಕಂಪವನ್ನು ವಾಚಕರು ಮರೆತಿರಲಾರರು. ಶಾಸ್ತ್ರಜ್ಞರು ಭೂಕಂಪಮಾಪಕಗಳ ದಾಖಲೆಗಳನ್ನೂ ಉಪಗ್ರಹಗಳು ಅಳೆದ ನೆಲದ ಚಲನೆಯನ್ನೂ ಒಟ್ಟಿಗಿಟ್ಟು ಪರಿಶೀಲಿಸಿದರು. ಮೊದಲನೆಯವು ಭೂಗರ್ಭದ ಬಿರುಕು ಗೋರ್ಖಾದ ಕಡೆಯಿಂದ ಪೂರ್ವಕ್ಕೆ ಹರಿದ ಬಗೆಯನ್ನು ತಿಳಿಸಿದವು. ಎರಡನೆಯವು ಕಾಠಮಂಡುವಿನ ನೆಲವು ಸುಮಾರು ಒಂದು ಮೀಟರು ಮೇಲೆದ್ದುದನ್ನು ತೋರಿಸಿದವು. ಇವೆರಡರಿಂದ ಹೊರಟ ನಿರ್ಣಯವು ಗಂಭೀರವಾದುದು. ಬಿರುಕು ಮೇಲ್ಮೈಯನ್ನು ಮುಟ್ಟದೆ ಆಳದಲ್ಲಿಯೇ ನಿಂತಿತು. ಪಶ್ಚಿಮದ ಭಾಗವಂತೂ ಕದಲಲೇ ಇಲ್ಲ. ೧೫೦೫ರ ತರುವಾಯ ಅಲ್ಲಿ ಮಹಾಕಂಪವಾದುದಕ್ಕೆ ದಾಖಲೆಯಿಲ್ಲ. ಭಾರತದ ಭೂಫಲಕವೋ ಹಿಮಾಲಯದ ಅಡಿಗೆ ನುಗ್ಗುತ್ತಲೇ ಇದೆ. ಒತ್ತಡವು ಬೆಳೆಯುತ್ತಲೇ ಇದೆ. ಮುಂದಿನ ಕಂಪದ ದಿನವನ್ನು ಯಾವ ಯಂತ್ರವೂ ಹೇಳಲಾರದು. ಅಪಾಯದ ಸ್ಥಳವನ್ನು ಮಾತ್ರ ಬೆರಳಿಟ್ಟು ತೋರಿಸಿದೆ. ಎರಡೂ ದೇಶಗಳ ಸರಕಾರಗಳು ತಪ್ಪಲಿನ ಶಾಲೆ, ಆಸ್ಪತ್ರೆಗಳನ್ನು ಈಗಲೇ ಭದ್ರಪಡಿಸದಿದ್ದರೆ, ನಾಳೆ ದೈವವನ್ನು ದೂರುವ ಹಕ್ಕು ಅವುಗಳಿಗೆ ಉಳಿಯದು.