ಕಾರ್ಡೇನೋ ಇದೆ, ಚೀಟಿ?

ಮೊನ್ನೆ ದೊಡ್ಡಪ್ಪನ ಜತೆ ಜಿಲ್ಲಾಸ್ಪತ್ರೆಯ ಕಿಟಕಿ ಮುಂದೆ ನಿಂತಿದ್ದೆ. ಅವರ ಜೇಬಿನಲ್ಲಿ ಪ್ಲಾಸ್ಟಿಕ್ ಕವರು. ಒಳಗೆ ಆಯುಷ್ಮಾನ್ ಕಾರ್ಡು, ರೇಷನ್ ಕಾರ್ಡು, ಆಧಾರ್, ಮಡಿಚಿ ಮಡಿಚಿ ಸವೆದ ಇಸಿಜಿ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ. ಬೆಂಗಳೂರಿಗೆ ಹೋಗಲು ರೆಫರಲ್ ಚೀಟಿ ಬೇಕಿತ್ತು.

“ಡಾಕ್ಟ್ರು ರೌಂಡ್ಸಿಗೆ ಹೋಗವ್ರೆ, ನಾಳೆ ಬನ್ನಿ ಯಜಮಾನ್ರೇ.”

ನಾಳೆ ಅಂದರೆ ಮತ್ತೆ ಎರಡು ಬಸ್ಸು, ಒಂದು ಆಟೊ. ದೊಡ್ಡಮ್ಮನಾಗಿದ್ದರೆ ಬಸ್ಸಾದರೂ ಪುಕ್ಕಟೆ. “ಐದು ಲಕ್ಷ ಐತಂತೆ ಕಣಪ್ಪ ಇದ್ರಲ್ಲಿ,” ಎಂದು ದೊಡ್ಡಪ್ಪ ಜೇಬು ತಟ್ಟಿಕೊಂಡರು.

ಸುಳ್ಳೇನಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 70 ದಾಟಿದವರಿಗೆಲ್ಲ, ಬಡವ ಬಲ್ಲಿದ ಎನ್ನದೆ, ಆಯುಷ್ಮಾನ್ ಎಂದಿತು. ಆದರೆ ಆ ಲಕ್ಷಗಳ ಬಾಯಿ ತೆರೆಯುವುದು ಅಡ್ಮಿಟ್ ಆದ ಮೇಲೆ. ತುರ್ತಲ್ಲದ ಕಾಯಿಲೆಗೆ ಸರ್ಕಾರಿ ಚೀಟಿ ಇಲ್ಲದೆ ಖಾಸಗಿ ಆಸ್ಪತ್ರೆಯವರು ಕಾರ್ಡು ಮುಟ್ಟುವುದಿಲ್ಲ. ಬಿಪಿ, ಶುಗರ್ ಮಾತ್ರೆಗೆ ತಿಂಗಳು ತಿಂಗಳು ಮೆಡಿಕಲ್ ಶಾಪಿಗೆ ಸುರಿಯುವ ದುಡ್ಡಂತೂ ಯಾವ ಲೆಕ್ಕಕ್ಕೂ ಇಲ್ಲ.

ಹಾಗಂತ ವಿಮೆಯೇ ದಂಡ ಅನ್ನುವವನು ನಾನಲ್ಲ. 2010ರಲ್ಲಿ ಕಲಬುರಗಿ ಸೀಮೆಯಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ ನೆನಪಿದೆಯಲ್ಲ? ಅದು ತಲುಪಿದ ಹಳ್ಳಿಗಳನ್ನೂ ಪಕ್ಕದಲ್ಲೇ ಇದ್ದು ಇನ್ನೂ ತಲುಪದ ಹಳ್ಳಿಗಳನ್ನೂ, ಒಟ್ಟು 572 ಊರು, ಸಂಶೋಧಕರು ಹೋಲಿಸಿ ನೋಡಿದರು. ಹೃದಯ, ಕ್ಯಾನ್ಸರಿನಂಥ, ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಶೇ 0.32, ಯೋಜನೆ ಇಲ್ಲದ ಕಡೆ ಶೇ 0.90. ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ 2014ರಲ್ಲಿ ಬಂದ ಲೆಕ್ಕ ಇದು.

ನನ್ನ ಗುಮಾನಿ, ಆ ಜೀವಗಳನ್ನು ಉಳಿಸಿದ್ದರಲ್ಲಿ ಕಾರ್ಡಿನಷ್ಟೇ ಪಾಲು ಕ್ಯಾಂಪಿನದೂ ಇತ್ತು. ಆಸ್ಪತ್ರೆಗಳೇ ಊರಿಗೆ ಬಂದು ಪರೀಕ್ಷೆ ಮಾಡಿ, ಆಪರೇಷನ್ ಬೇಕಾದವರನ್ನು ಗುರುತಿಸಿ, ದೂರದ ಬೆಂಗಳೂರಿಗೆ ಕರೆದೊಯ್ಯುವ ಏರ್ಪಾಡೂ ಇತ್ತು. ರೋಗಿಯನ್ನು ಹುಡುಕಿಕೊಂಡು ಯೋಜನೆ ಹೋಗುತ್ತಿತ್ತು. ಈಗ ಯೋಜನೆಯನ್ನು ಹುಡುಕಿಕೊಂಡು ದೊಡ್ಡಪ್ಪ ಕಿಟಕಿಯಿಂದ ಕಿಟಕಿಗೆ ಅಲೆಯುತ್ತಾರೆ. ಫಲಾನುಭವಿಗಳ ಸಂಖ್ಯೆ ಹೇಳುವ ಮಂತ್ರಿಗಳು, ಚೀಟಿಗೆ ಎಷ್ಟು ದಿನ ಹಿಡಿಯಿತು ಎಂಬುದನ್ನೂ ತಾಲ್ಲೂಕುವಾರು ಹೇಳಲಿ ನೋಡೋಣ.

ಮೂರನೇ ದಿನ ಚೀಟಿ ಸಿಕ್ಕಿತು. ದೊಡ್ಡಪ್ಪ ಅದನ್ನು ಕಾರ್ಡಿನ ಬೆನ್ನಿಗೆ ಸೇರಿಸಿ ಕವರಿಗೆ ರಬ್ಬರ್ ಬ್ಯಾಂಡ್ ಹಾಕಿದರು. “ಅಲ್ಲಿ ಎಷ್ಟು ದಿನ ಆಗುತ್ತೋ, ಹಸು ಕರೆಯೋರು ಯಾರಪ್ಪಾ?” ಅಂದರು.